ಬಕೆಟ್, ಮಣೆ, ಕಾಲೊರಸು: ನಾಯಿಗೆ ಅಜಿಲಿಟಿಯ ಅಡಿಪಾಯ ಮನೆಯಲ್ಲೇ

ಅಜಿಲಿಟಿ ಅಂದರೆ ಪಕ್ಕದಲ್ಲಿ ಓಡುವ ಮಾಲೀಕರ ಸನ್ನೆಯಂತೆ ನಾಯಿ ಅಡೆತಡೆಗಳನ್ನು ದಾಟುತ್ತಾ ಓಡುವ ಆಟ. ಅದರ ವಿಡಿಯೊ ನೋಡಿ ಖುಷಿಯಾದವರು ಮೊದಲು ಮಾಡುವ ಕೆಲಸ ಗೊತ್ತಲ್ವಾ? ಎರಡು ಕುರ್ಚಿ ಇಟ್ಟು, ಮಧ್ಯೆ ಒಂದು ಕೋಲು ಅಡ್ಡ ಹಾಕಿ, ಬಿಸ್ಕತ್ತು ತೋರಿಸಿ ನಾಯಿಯನ್ನು ಹಾರಿಸುವುದು. ನಾಯಿ ಹಾರುತ್ತದೆ. ಮನೆಯವರೆಲ್ಲ ಚಪ್ಪಾಳೆ ತಟ್ಟುತ್ತಾರೆ. ಆದರೆ ಹಾರುವುದನ್ನು ನಾಯಿಗೆ ಯಾರೂ ಕಲಿಸಬೇಕಿಲ್ಲ. ಯಾವಾಗ ಹಾರಬೇಕು, ಹಾರಿ ಇಳಿದ ಮೇಲೆ ಯಾವ ಕಡೆ ತಿರುಗಬೇಕು, ತನ್ನ ಹಿಂಗಾಲು ಎಲ್ಲಿದೆ, ಪಕ್ಕದಲ್ಲಿ ಓಡುತ್ತಿರುವ ನೀವು ಎತ್ತ ಹೊರಟಿದ್ದೀರಿ – ಇವು ಅದಕ್ಕೆ ಗೊತ್ತಿರುವುದಿಲ್ಲ. ಕಲಿಸಬೇಕಾದದ್ದು ಇವನ್ನೇ.

ಈ ಆಟ ಶುರುವಾದದ್ದು 1978ರಲ್ಲಿ, ಲಂಡನ್ನಿನ ಕ್ರಫ್ಟ್ಸ್ ಶ್ವಾನ ಪ್ರದರ್ಶನದಲ್ಲಿ. ಸ್ಪರ್ಧೆಗಳ ನಡುವಿನ ಬಿಡುವಿನಲ್ಲಿ ಪ್ರೇಕ್ಷಕರಿಗೆ ಬೇಸರ ಆಗದಿರಲಿ ಅಂತ, ಕುದುರೆಗಳ ಜಿಗಿತದ ಪಂದ್ಯದ ಮಾದರಿಯಲ್ಲಿ ನಾಯಿಗಳನ್ನು ಓಡಿಸಿದರು. ಈಗ ಅಂತರರಾಷ್ಟ್ರೀಯ ಸ್ಪರ್ಧೆಯ ಅಂಗಳದಲ್ಲಿ ಸುಮಾರು 20 ಅಡೆತಡೆ ಇರುತ್ತವೆ. ನಾಯಿಗೆ ಕಟ್ಟಿದ ಹಗ್ಗ ಇಲ್ಲ, ನಿಮ್ಮ ಕೈಯಲ್ಲಿ ತಿಂಡಿ ಇಲ್ಲ, ಓಟದ ನಡುವೆ ನಾಯಿಯನ್ನು ಮುಟ್ಟುವ ಹಾಗೂ ಇಲ್ಲ. ಯಾವ ಅಡೆತಡೆ ಮೊದಲು, ಯಾವುದು ಆಮೇಲೆ ಅನ್ನುವುದು ನಾಯಿಗೆ ಮುಂಚೆ ಗೊತ್ತಿರುವುದಿಲ್ಲ. ನೀವು ಒಮ್ಮೆ ನಡೆದು ನೋಡಿರುತ್ತೀರಿ, ಅಷ್ಟೇ. ಒಂದರಿಂದ ಇನ್ನೊಂದಕ್ಕೆ ಸಾಮಾನ್ಯವಾಗಿ 5ರಿಂದ 7 ಮೀಟರ್ ದೂರ. ಲೆಕ್ಕ ಹಾಕಿ ನೋಡಿ: ನಾಯಿ ಗಾಳಿಯಲ್ಲಿರುವುದು ಸ್ವಲ್ಪ ಹೊತ್ತು, ನೆಲದ ಮೇಲೆ ನಿಮ್ಮನ್ನು ನೋಡುತ್ತಾ ಓಡುವುದೇ ಜಾಸ್ತಿ. ನೆಲದ ಮೇಲಿನ ಈ ಓಟಕ್ಕೆ ದುಬಾರಿ ಸಾಮಾನು ಯಾವುದೂ ಬೇಡ.

ಶುರು ಮಾಡುವ ಮುಂಚೆ

ನಾಯಿಯನ್ನು ಒಮ್ಮೆ ಪಶುವೈದ್ಯರಿಗೆ ತೋರಿಸಿ. ಸೊಂಟ, ಮಂಡಿ, ಭುಜ ಸರಿ ಇದೆಯಾ ಅಂತ ಕೇಳಿ. ತೂಕವನ್ನು ನೀವೇ ಪರೀಕ್ಷಿಸಬಹುದು. ಪಕ್ಕೆಯ ಮೇಲೆ ಬೆರಳಾಡಿಸಿದರೆ ಎಲುಬು ಸುಲಭವಾಗಿ ಕೈಗೆ ಸಿಗಬೇಕು. ಒತ್ತಿ ಹುಡುಕಬೇಕಾದರೆ ಮೊದಲು ತೂಕ ಇಳಿಸಿ.

ಮರಿಗಳ ವಿಷಯದಲ್ಲಿ ಅವಸರ ಬೇಡವೇ ಬೇಡ. ಎಲುಬಿನ ತುದಿಯಲ್ಲಿರುವ ಬೆಳವಣಿಗೆಯ ಪದರ ಗಟ್ಟಿಯಾಗಲು ಸಾಮಾನ್ಯವಾಗಿ ಒಂದು ವರ್ಷವಾದರೂ ಬೇಕು. ದೊಡ್ಡ ತಳಿಗಳಲ್ಲಿ ಒಂದೂವರೆ ವರ್ಷವೂ ಆಗುತ್ತದೆ. ಅಲ್ಲಿಯವರೆಗೆ ಎತ್ತರದ ಜಿಗಿತ ಇಲ್ಲ. ಅಂತರರಾಷ್ಟ್ರೀಯ ಶ್ವಾನ ಒಕ್ಕೂಟವಾದ ಎಫ್‌ಸಿಐ ನಿಯಮದಲ್ಲೂ 18 ತಿಂಗಳು ತುಂಬದ ನಾಯಿ ಅಜಿಲಿಟಿ ಸ್ಪರ್ಧೆಗೆ ಇಳಿಯುವಂತಿಲ್ಲ. ಈ ಲೇಖನದಲ್ಲಿರುವ ಪಾಠಗಳಲ್ಲಿ ಹೆಚ್ಚಿನವನ್ನು ನಾಲ್ಕು ತಿಂಗಳ ಮರಿಗೂ ಮೆಲ್ಲಗೆ ಹೇಳಿಕೊಡಬಹುದು, ಯಾಕಂದರೆ ಕಾಲು ನೆಲ ಬಿಟ್ಟು ಹೋಗುವುದೇ ಇಲ್ಲ.

ನಮ್ಮ ಮನೆಗಳ ದೊಡ್ಡ ತೊಂದರೆ ನೆಲ. ಟೈಲ್ಸ್, ಗ್ರಾನೈಟ್, ರೆಡ್ ಆಕ್ಸೈಡ್ ಎಲ್ಲವೂ ನಾಯಿಗೆ ಜಾರುತ್ತವೆ. ತಿರುಗುವಾಗ ಒಮ್ಮೆ ಹಿಂಗಾಲು ಜಾರಿ ಅಗಲವಾದರೆ ಉಳುಕೂ ಆಗುತ್ತದೆ, ಭಯವೂ ಕೂರುತ್ತದೆ. ಎರಡು ಯೋಗ ಮ್ಯಾಟ್ ಜೋಡಿಸಿ ಹಾಸಿ. ಜಮಖಾನ ಬೇಡ, ಅದು ನಾಯಿಯ ಸಮೇತ ಜಾರುತ್ತದೆ. ಉಗುರು ನೆಲಕ್ಕೆ ಟಕ್ ಟಕ್ ಅಂದರೆ ಕತ್ತರಿಸುವ ಹೊತ್ತಾಗಿದೆ. ಪಾದದ ಮೆತ್ತೆಗಳ ನಡುವೆ ಬೆಳೆದ ಕೂದಲನ್ನೂ ಕತ್ತರಿಸಿ.

ಟೆರೇಸ್ ಇದ್ದವರು ಬೆಳಗ್ಗೆ ಬೇಗ ಹೋಗಿ. ಸಂಜೆಯಾದರೆ ಸಿಮೆಂಟು ಪೂರ್ತಿ ತಣಿಯುವವರೆಗೆ ಕಾಯಿರಿ. ಅಂಗೈಯ ಹಿಂಭಾಗವನ್ನು ನೆಲಕ್ಕಿಟ್ಟು ಏಳು ಸೆಕೆಂಡ್ ಇಡಲು ಆಗದಿದ್ದರೆ ಅಲ್ಲಿ ನಾಯಿಯನ್ನು ನಿಲ್ಲಿಸಬಾರದು. ಊಟವಾದ ಕೂಡಲೇ ಪಾಠ ಬೇಡ, ಒಂದೆರಡು ಗಂಟೆ ಬಿಡಿ.

ಪಾಠ ಮೂರರಿಂದ ಐದು ನಿಮಿಷ ಸಾಕು. ದಿನಕ್ಕೆ ಎರಡು ಸಲ. ಅರ್ಧ ಗಂಟೆ ಎಳೆದರೆ ಮೊದಲ ಐದು ನಿಮಿಷದಲ್ಲಿ ಕಲಿತದ್ದನ್ನು ಉಳಿದ ಇಪ್ಪತ್ತೈದರಲ್ಲಿ ಕೆಡಿಸಿಕೊಳ್ಳುತ್ತೀರಿ.

ಮೊದಲ ಹೆಜ್ಜೆ: "ಸೈ" ಮತ್ತು ಸಂಬಳ

ನಾಯಿ ಸರಿಯಾದದ್ದನ್ನು ಮಾಡಿದ ಗಳಿಗೆಯನ್ನು ಗುರುತಿಸಲು ಒಂದು ಚಿಕ್ಕ ಶಬ್ದ ಬೇಕು. ಒತ್ತಿದರೆ ಟಿಕ್ ಅನ್ನುವ ಕ್ಲಿಕ್ಕರ್ ಸಿಗುತ್ತದೆ, ಒಳ್ಳೆಯದೇ. ಆದರೆ ಓಡುವಾಗ ಕೈ ಖಾಲಿ ಇರಬೇಕು, ಹಾಗಾಗಿ ಬಾಯಿಮಾತನ್ನೂ ಕಲಿಸಿ. ಇಲ್ಲಿ "ಸೈ" ಅಂತ ಇಟ್ಟುಕೊಳ್ಳೋಣ. "ಸೈ" ಅನ್ನಿ, ಕೂಡಲೇ ತಿಂಡಿ ಕೊಡಿ. ಹತ್ತು ಸಲ ಹೀಗೆ. "ಸೈ" ಕೇಳಿದ ತಕ್ಷಣ ನಾಯಿ ನಿಮ್ಮ ಕಡೆ ತಟ್ಟನೆ ತಿರುಗಿದರೆ ಅರ್ಥವಾಗಿದೆ ಅಂತ.

ತಿಂಡಿ ಕಡಲೆಕಾಳಿನಷ್ಟು ಚಿಕ್ಕದಿರಲಿ, ಮೆತ್ತಗಿರಲಿ. ಉಪ್ಪು ಹಾಕದೆ ಬೇಯಿಸಿದ ಚಿಕನ್, ಪನೀರ್, ಬೇಯಿಸಿದ ಮೊಟ್ಟೆ ಆಗುತ್ತದೆ. ಸಸ್ಯಾಹಾರದ ಮನೆಯಲ್ಲಿ ಪನೀರ್ ಜೊತೆ ಕ್ಯಾರೆಟ್, ಸೌತೆಕಾಯಿ ಬೆರೆಸಬಹುದು. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್, ಈರುಳ್ಳಿ ಮಾತ್ರ ಯಾವತ್ತೂ ಬೇಡ. ಪಾಠದ ತಿಂಡಿಯನ್ನು ದಿನದ ಊಟದ ಲೆಕ್ಕದಿಂದ ಕಳೆಯಿರಿ. ಇನ್ನೊಂದು ಮಾತು. ಅಜ್ಜಿ ಊಟ ಮಾಡುತ್ತಾ ಮೇಜಿನ ಕೆಳಗೆ ಚಪಾತಿ ಚೂರು ಹಾಕುತ್ತಿದ್ದರೆ ನಿಮ್ಮ ಚಿಕನ್‌ಗೆ ಬೆಲೆಯೇ ಇರುವುದಿಲ್ಲ. ಅಜ್ಜಿಗೆ ಹೇಳುವ ಧೈರ್ಯ ಇಲ್ಲದಿದ್ದರೆ ಪಾಠವನ್ನು ಊಟದ ಹೊತ್ತಿನಿಂದ ದೂರ ಇಡಿ.

ಆಟವೂ ಸಂಬಳವೇ. ಎಳೆದಾಡುವ ಹಗ್ಗ ಕೆಲವು ನಾಯಿಗಳಿಗೆ ಚಿಕನ್‌ಗಿಂತ ಇಷ್ಟ. ಮುಧೋಳದಂಥ ಬೇಟೆನಾಯಿಗೆ ಓಡುವ ವಸ್ತುವನ್ನು ಅಟ್ಟಿಸಿಕೊಂಡು ಹೋಗುವುದೇ ರಕ್ತದಲ್ಲಿರುತ್ತದೆ. ಒಂದು ಕೋಲಿನ ತುದಿಗೆ ಹಗ್ಗ, ಹಗ್ಗಕ್ಕೆ ಬಟ್ಟೆ ಚೂರು ಕಟ್ಟಿ ನೆಲದ ಮೇಲೆ ಎಳೆದಾಡಿಸಿ. ಬಟ್ಟೆಯನ್ನು ಮೇಲಕ್ಕೆ ಎತ್ತಿ ನಾಯಿಯನ್ನು ಕುಣಿಸಬೇಡಿ. ಲ್ಯಾಬ್ರಡಾರ್‌ಗೆ ಇಷ್ಟೆಲ್ಲ ಪೀಠಿಕೆ ಬೇಡ, ತಿಂಡಿ ಡಬ್ಬಿಯ ಸದ್ದು ಸಾಕು. ದೇಸಿ ನಾಯಿಗಳಲ್ಲಿ ಹಲವು ಮೊದಲು ದೂರ ನಿಂತು ಯೋಚನೆ ಮಾಡುತ್ತವೆ. ಅದು ದಡ್ಡತನ ಅಲ್ಲ, ಎಚ್ಚರ. ಯೋಚಿಸಲು ಬಿಡಿ.

ಎರಡನೇ ಹೆಜ್ಜೆ: ಅಂಗೈಗೆ ಮೂಗು

ಅಂಗೈಯನ್ನು ನಾಯಿಯ ಮೂಗಿನಿಂದ ಒಂದು ಗೇಣು ದೂರ ಹಿಡಿಯಿರಿ. ಕುತೂಹಲಕ್ಕೆ ಮೂಸುತ್ತದೆ. ಮೂಗು ತಾಗಿದ ಕ್ಷಣವೇ "ಸೈ", ಇನ್ನೊಂದು ಕೈಯಿಂದ ತಿಂಡಿ. ಆಮೇಲೆ ಎರಡು ಹೆಜ್ಜೆ ದೂರದಿಂದ ಬಂದು ಮುಟ್ಟಲಿ. ನಂತರ ಕೋಣೆಯ ಆಚೆಯಿಂದ. ಆಗ "ಮುಟ್ಟು" ಅಂತ ಹೆಸರಿಡಿ. ಎಡಗೈ ಬಲಗೈ ಎರಡರಲ್ಲೂ ಆಗಬೇಕು. ಕರೆದರೆ ಓಡಿ ಬರುವುದಕ್ಕೂ, ಮುಂದೆ ಮೈದಾನದಲ್ಲಿ ನಾಯಿಯನ್ನು ನಿಮ್ಮ ಹತ್ತಿರ ಎಳೆದುಕೊಳ್ಳುವುದಕ್ಕೂ ಇದೇ ದಾರಿ.

ಮೂರನೇ ಹೆಜ್ಜೆ: ಎರಡೂ ಪಕ್ಕ, ಒಂದೇ ಸಮ

ಸಾಮಾನ್ಯ ತರಬೇತಿಯಲ್ಲಿ ನಾಯಿಯನ್ನು ಎಡಗಡೆ ನಡೆಸುವ ರೂಢಿ. ಅಜಿಲಿಟಿಯಲ್ಲಿ ಅದು ನಡೆಯುವುದಿಲ್ಲ. ಎಡವೂ ಬೇಕು, ಬಲವೂ ಬೇಕು.

ನಾಯಿ ಎಡಗಡೆ ಇದ್ದಾಗ ಎಡಗೈಯಿಂದ, ಬಲಗಡೆ ಇದ್ದಾಗ ಬಲಗೈಯಿಂದ ತಿಂಡಿ ಕೊಡಿ. ಕೈ ನಿಮ್ಮ ಪ್ಯಾಂಟಿನ ಹೊಲಿಗೆಯ ಹತ್ತಿರವೇ ಇರಲಿ. ಈ ಒಂದು ನಿಯಮ ಮುರಿದರೆ ನಾಯಿ ತಿಂಡಿಗಾಗಿ ನಿಮ್ಮ ಮುಂದೆ ಅಡ್ಡ ಬರಲು ಕಲಿಯುತ್ತದೆ. ಆಮೇಲೆ ಓಡುವಾಗ ನೀವೇ ಎಡವಿ ಬೀಳುತ್ತೀರಿ.

ನಾಲ್ಕು ಹೆಜ್ಜೆ ನಡೆಯಿರಿ, ನಿಲ್ಲಿ. ನಾಯಿ ಪಕ್ಕದಲ್ಲೇ ನಿಂತರೆ "ಸೈ". ನಿಧಾನ ನಡೆಯಿರಿ, ಬೇಗ ನಡೆಯಿರಿ, ನಾಯಿ ನಿಮ್ಮ ವೇಗ ಹಿಡಿಯಬೇಕು. ಇದು ಬಂದ ಮೇಲೆ ತಿರುವು. ನಾಯಿ ಎಡಗಡೆ ಇದೆ ಅಂದುಕೊಳ್ಳಿ. ನಡೆಯುತ್ತಲೇ ನಾಯಿಯ ಕಡೆಗೆ, ಅಂದರೆ ಎಡಕ್ಕೆ ತಿರುಗಿ. ಪೂರ್ತಿ ತಿರುಗಿ ಬಂದ ದಾರಿಗೆ ಮುಖ ಮಾಡಿದಾಗ ನಾಯಿ ನಿಮ್ಮ ಬಲಗಡೆ ಇರುತ್ತದೆ. ಬಲಗೈ ಕೆಳಗೆ ತೋರಿಸಿ, ಬಲಗೈಯಿಂದಲೇ ತಿಂಡಿ ಕೊಡಿ. ಇದಕ್ಕೆ ಫ್ರಂಟ್ ಕ್ರಾಸ್ ಅನ್ನುತ್ತಾರೆ. ಇಡೀ ಆಟದಲ್ಲಿ ಅತಿ ಹೆಚ್ಚು ಕೆಲಸಕ್ಕೆ ಬರುವ ತಿರುವು ಇದು.

ನಾಯಿ ತಪ್ಪಿದರೆ ಹತ್ತರಲ್ಲಿ ಒಂಬತ್ತು ಸಲ ತಪ್ಪು ನಮ್ಮ ಕಾಲಿನದ್ದು. ನಾಯಿ ನಮ್ಮ ಮಾತಿಗಿಂತ ಮೊದಲು ನಮ್ಮ ಪಾದ, ಭುಜ ನೋಡುತ್ತದೆ. ಪಾದ ಒಂದು ಕಡೆ, ಕೈ ಇನ್ನೊಂದು ಕಡೆ ತೋರಿಸಿದರೆ ಅದು ಪಾದವನ್ನೇ ನಂಬುತ್ತದೆ. ಆದ್ದರಿಂದ ಹೊಸ ತಿರುವನ್ನು ಮೊದಲು ನಾಯಿ ಇಲ್ಲದೆ ನೀವೊಬ್ಬರೇ ಹಾಲಿನಲ್ಲಿ ಅಭ್ಯಾಸ ಮಾಡಿ. ನೋಡುವವರು ನಗುತ್ತಾರೆ, ನಗಲಿ.

ನಾಲ್ಕನೇ ಹೆಜ್ಜೆ: ಬಕೆಟ್ ಸುತ್ತು

ಒಂದು ಬಕೆಟ್ ಇಡಿ. ಹಗುರವಾಗಿದ್ದರೆ ಒಳಗೆ ಇಟ್ಟಿಗೆ ಇಡಿ. ನೀವು ಬಕೆಟ್ಟಿಗೆ ಅಂಟಿಕೊಂಡೇ ನಿಲ್ಲಿ. ಬಲಗೈಯಿಂದ ನಾಯಿಯ ಮೂಗನ್ನು ಬಕೆಟ್ಟಿನ ಬಲಗಡೆಯಿಂದ ಹಿಂದಕ್ಕೆ ಕಳಿಸಿ. ಹಿಂದೆ ಎಡಗೈ ಕಾಯುತ್ತಿರಲಿ. ಎಡಗಡೆಯಿಂದ ಹೊರಬಂದಾಗ "ಸೈ". ಎರಡು ಮೂರು ಸಲ ಹೀಗೆ ತಿಂಡಿ ತೋರಿಸಿ ಮಾಡಿದ ಮೇಲೆ ಖಾಲಿ ಕೈ. ಆಮೇಲೆ ನೀವು ಅರ್ಧ ಹೆಜ್ಜೆ ಹಿಂದೆ. ಮತ್ತೆ ಅರ್ಧ ಹೆಜ್ಜೆ. ನಾಯಿ ಬಕೆಟ್ಟಿನ ಹಿಂದೆ ಹೋದ ಕೂಡಲೇ ನೀವು ತಿರುಗಿ ಓಡಿ. ಅದು ಬಿಗಿಯಾಗಿ ಸುತ್ತಿ ಅಟ್ಟಿಸಿಕೊಂಡು ಬರುತ್ತದೆ. ನೀವು ನಿಂತೇ ಇದ್ದರೆ ಸುತ್ತು ಸಡಿಲವಾಗುತ್ತದೆ.

ಎಡಗಡೆಯಿಂದಲೂ ಇಷ್ಟೇ ಮಾಡಿ. ನಮಗೆ ಬಲಗೈ ಎಡಗೈ ಇದ್ದ ಹಾಗೆ ಹಲವು ನಾಯಿಗಳಿಗೂ ಒಂದು ಪಕ್ಕ ತಿರುಗುವುದು ಸುಲಭ. ಕಷ್ಟದ ಪಕ್ಕಕ್ಕೆ ಎರಡು ಸುತ್ತು ಜಾಸ್ತಿ ಕೊಡಿ. ನಾಳೆ ಈ ಬಕೆಟ್ಟಿನ ಜಾಗದಲ್ಲಿ ಜಿಗಿತದ ಕಂಬ ಬರುತ್ತದೆ. ನಾಯಿ ಕಂಬ ಸುತ್ತಿ ಬರಬೇಕು, ನಡುವೆ ಒಂದು ಬಾರ್ ಇದೆ, ಅಷ್ಟೇ ವ್ಯತ್ಯಾಸ.

ಐದನೇ ಹೆಜ್ಜೆ: ಮಣೆ ಮತ್ತು ಹಿಂಗಾಲು

ಇದಕ್ಕೆ ಎಲ್ಲಕ್ಕಿಂತ ಜಾಸ್ತಿ ಸಮಯ ಕೊಡಿ.

ನಾಯಿಗೆ ಮುಂಗಾಲಿನ ಮೇಲೆ ಒಳ್ಳೆಯ ಹಿಡಿತ ಇರುತ್ತದೆ. ಹಿಂಗಾಲು ಸುಮ್ನೆ ಹಿಂದೆ ಹಿಂದೆ ಬರುತ್ತದೆ. ನೆಲದ ಮೇಲೆ ಇದರಿಂದ ತೊಂದರೆ ಇಲ್ಲ. ಆದರೆ ಡಾಗ್ ವಾಕ್ ಅನ್ನುವ ಎತ್ತರದ ಹಲಗೆ ನೆಲದಿಂದ ಸುಮಾರು ನಾಲ್ಕು ಅಡಿ ಮೇಲಿರುತ್ತದೆ, ಅಗಲ 30 ಸೆಂಟಿಮೀಟರ್ ಅಷ್ಟೇ. ಅಲ್ಲಿ ಹಿಂಗಾಲು ಎಲ್ಲಿದೆ ಅಂತ ಗೊತ್ತಿಲ್ಲದ ನಾಯಿ ಬೀಳುತ್ತದೆ. ಜಿಗಿತದಲ್ಲೂ ಅಷ್ಟೇ. ನಿಂತಾಗಲೇ ಮೈಭಾರದ ಸುಮಾರು 60 ಶೇಕಡಾ ಮುಂಗಾಲಿನ ಮೇಲಿರುತ್ತದೆ. ನಾಯಿಗೆ ನಮ್ಮ ಹಾಗೆ ಗಟ್ಟಿಯಾದ ಕಾಲರ್ ಬೋನ್ ಇಲ್ಲ, ಮುಂಗಾಲನ್ನು ಮೈಗೆ ಹಿಡಿದಿಟ್ಟಿರುವುದು ಸ್ನಾಯುಗಳು. ಹಿಂಗಾಲಿನಿಂದ ಒತ್ತಿ ಹಾರದ ನಾಯಿಯ ಪೆಟ್ಟೆಲ್ಲ ಭುಜಕ್ಕೆ ಬೀಳುತ್ತದೆ.

ಊಟದ ಮಣೆ ಇದ್ದರೆ ಅದನ್ನು ಯೋಗ ಮ್ಯಾಟ್ ಮೇಲಿಡಿ. ಅಲುಗಬಾರದು, ಮೇಲ್ಮೈ ಜಾರಬಾರದು. ಜಾರಿದರೆ ಹಳೆಯ ಗೋಣಿಚೀಲ ಸುತ್ತಿ ಕಟ್ಟಿ. ಇಟ್ಟು ಸುಮ್ಮನಿರಿ. ತೋರಿಸಬೇಡಿ, ಎಳೆಯಬೇಡಿ. ನಾಯಿ ಮೂಸುತ್ತದೆ, ಸುತ್ತುತ್ತದೆ, ನಿಮ್ಮ ಮುಖ ನೋಡುತ್ತದೆ. ಒಂದು ಮುಂಗಾಲು ಮಣೆಯ ಮೇಲೆ ಬಿದ್ದ ಕೂಡಲೇ "ಸೈ". ತಿಂಡಿಯನ್ನು ನಾಯಿಯ ಎದೆಮಟ್ಟದಲ್ಲಿ, ಅದು ಮಣೆ ಮೇಲೆ ಇರುವಾಗಲೇ ಕೊಡಿ. ಕ್ರಮೇಣ ಎರಡೂ ಮುಂಗಾಲು ಇಟ್ಟು ನಿಲ್ಲುತ್ತದೆ.

ಈಗ ನಾಯಿಯ ಎದುರು ನಿಂತು, ಒಂದು ಚಿಕ್ಕ ಹೆಜ್ಜೆ ಪಕ್ಕಕ್ಕೆ ಇಡಿ. ನಿಮ್ಮ ಮುಖ ನೋಡಲು ಅದು ತಲೆ ತಿರುಗಿಸುತ್ತದೆ. ತಲೆಗೆ ತಿಂಡಿ ಇಲ್ಲ. ಮುಂಗಾಲು ಮಣೆಯ ಮೇಲೇ ಮಿಸುಕಾಡುತ್ತದೆ. ಅದಕ್ಕೂ ಇಲ್ಲ. ಬೆನ್ನು ಸ್ವಲ್ಪ ಬಾಗುತ್ತದೆ. ಆಮೇಲೆ ಹೊರಗಿನ ಹಿಂಗಾಲು ಏಳುತ್ತದೆ, ಎಲ್ಲಿಡುವುದು ಗೊತ್ತಾಗದೆ ಒಂದು ಗಳಿಗೆ ಗಾಳಿಯಲ್ಲೇ ನಿಲ್ಲುತ್ತದೆ, ಬೆರಳು ಅಗಲವಾಗುತ್ತವೆ, ಪಕ್ಕಕ್ಕೆ ಹೋಗಿ ನೆಲ ಮುಟ್ಟುತ್ತದೆ. ಆ ಪಾದ ನೆಲ ಮುಟ್ಟುವಾಗಲೇ "ಸೈ" ಬರಬೇಕು. ಒಂದು ಗಳಿಗೆ ತಡವಾದರೆ ತಲೆ ತಿರುಗಿಸಿದ್ದಕ್ಕೆ ಸಂಬಳ ಸಿಕ್ಕಿತು ಅಂದುಕೊಳ್ಳುತ್ತದೆ. ಕಣ್ಣು ನಾಯಿಯ ಮುಖದ ಮೇಲಲ್ಲ, ಹಿಂಗಾಲಿನ ಮೇಲೆ ಇಡಿ. ಕಷ್ಟವಾದರೆ ಇನ್ನೊಬ್ಬರಿಗೆ ಮೊಬೈಲಿನಲ್ಲಿ ವಿಡಿಯೊ ತೆಗೆಯಲು ಹೇಳಿ, ನಿಧಾನಗತಿಯಲ್ಲಿ ನೋಡಿ.

ಮೊದಲ ದಿನ ಎರಡು ಹೆಜ್ಜೆ ಸಾಕು. ಕೆಲವು ವಾರಗಳಲ್ಲಿ ನಾಯಿ ಗಡಿಯಾರದ ಮುಳ್ಳಿನಂತೆ ಮಣೆಯ ಸುತ್ತ ಪೂರ್ತಿ ತಿರುಗುತ್ತದೆ. ಎರಡೂ ದಿಕ್ಕಿಗೆ ಆಗಬೇಕು.

ಇದರ ಜೊತೆಗೆ ನಾಲ್ಕೈದು ಪಿವಿಸಿ ಪೈಪ್ ತುಂಡುಗಳನ್ನು ನೆಲದ ಮೇಲೆ ಸಾಲಾಗಿ ಇಡಿ. ಉರುಳದಂತೆ ಎರಡೂ ತುದಿಗೆ ಮರಳಿನ ಪೊಟ್ಟಣ ಒತ್ತಿಡಿ. ನಡುವೆ ನಾಯಿ ಸಲೀಸಾಗಿ ನಡೆಯುವ ಒಂದು ಹೆಜ್ಜೆಯಷ್ಟು ಅಂತರ. ನಿಧಾನವಾಗಿ ನಡೆಸಿ. ಪೈಪಿಗೆ ಕಾಲು ತಾಗದೆ ದಾಟುವುದೇ ಪಾಠ. ಓಡಿದರೆ ಲಾಭ ಇಲ್ಲ.

ಆರನೇ ಹೆಜ್ಜೆ: ಕಾಲೊರಸು, ಮೆಟ್ಟಿಲು, ನಿಲ್ಲುವುದು

ಕಾಲೊರಸನ್ನು ನಾಯಿಯ ಮುಂದೆ ಹಾಸಿ, ಅದರ ಮೇಲೆ ಹೋದರೆ "ಸೈ", ತಿಂಡಿ ಅಲ್ಲೇ ಕೆಳಗಿಡಿ. ದಿನ ಕಳೆದ ಹಾಗೆ ಕಾಲೊರಸು ದೂರ ಹೋಗಲಿ, ನೀವು ನಿಂತಲ್ಲೇ ಇರಿ. "ಹೋಗು" ಅಂದರೆ ನಿಮ್ಮನ್ನು ಬಿಟ್ಟು ಮುಂದೆ ಓಡಬೇಕು. ನಮಗಿಂತ ನಾಯಿಯ ವೇಗ ಜಾಸ್ತಿ, ಎಲ್ಲ ಕಡೆ ಜೊತೆಗೇ ಓಡುತ್ತೇವೆ ಅನ್ನುವುದು ಆಗದ ಮಾತು.

ಮೆಟ್ಟಿಲಿದ್ದರೆ ಇನ್ನೂ ಅನುಕೂಲ. ಏರಿಳಿಯುವ ಹಲಗೆಗಳ ಕೊನೆಯಲ್ಲಿ ಸುಮಾರು ಮೂರು ಅಡಿ ಬೇರೆ ಬಣ್ಣ ಬಳಿದಿರುತ್ತಾರೆ. ಇಳಿಯುವಾಗ ಅದನ್ನು ನಾಯಿ ಒಂದು ಪಾದದಿಂದಲಾದರೂ ಮುಟ್ಟಲೇಬೇಕು. ಮೇಲಿಂದಲೇ ನೆಗೆದರೆ ತಪ್ಪು, ಕಾಲಿಗೂ ಅಪಾಯ. ಆದ್ದರಿಂದ ಹಿಂಗಾಲು ಹಲಗೆಯ ಮೇಲೆ, ಮುಂಗಾಲು ನೆಲದ ಮೇಲೆ ಇಟ್ಟು ನಿಲ್ಲುವುದನ್ನು ಕಲಿಸುತ್ತಾರೆ. ಮನೆಯ ಕೊನೆಯ ಮೆಟ್ಟಿಲಲ್ಲಿ ಇದನ್ನೇ ಮಾಡಿ. ಹಿಂಗಾಲು ಮೆಟ್ಟಿಲ ಮೇಲೆ, ಮುಂಗಾಲು ಕೆಳಗೆ ಹಾಸಿದ ಕಾಲೊರಸಿನ ಮೇಲೆ. ಹಾಗೆ ನಿಂತಿರುವಷ್ಟು ಹೊತ್ತು ಒಂದೊಂದೇ ಚೂರು ತಿಂಡಿ ಬರುತ್ತಿರಲಿ.

ನಿಲ್ಲಲು "ಇರು", ಬಿಡಲು ಇನ್ನೊಂದು ಪದ. ಬಿಡುವ ಪದ "ಸರಿ" ಆಗಬಾರದು. ಫೋನಿನಲ್ಲಿ ದಿನಕ್ಕೆ ನೂರು ಸಲ "ಸರಿ ಸರಿ" ಅನ್ನುತ್ತೇವೆ. "ಓಡು" ಅಂತ ಇಟ್ಟುಕೊಳ್ಳಿ. "ಇರು" ಅಂದ ಮೇಲೆ ಕೈ ಆಡಿಸಿ, ಬಗ್ಗಿ ಚಪ್ಪಲಿ ಸರಿಮಾಡಿಕೊಳ್ಳಿ, ನಾಲ್ಕು ಹೆಜ್ಜೆ ಹೋಗಿ ಬನ್ನಿ. "ಓಡು" ಅನ್ನುವವರೆಗೆ ಕದಲಬಾರದು. ಎದ್ದು ಬಂದರೆ ಗದರಬೇಡಿ, ಮೊದಲಿನ ಜಾಗಕ್ಕೆ ಕರೆದುಕೊಂಡು ಹೋಗಿ ದೂರ ಕಡಿಮೆ ಮಾಡಿ. ಹೆಚ್ಚಿನ ಸಲ ನೀವೇ ವಾಪಸ್ ಹೋಗಿ ತಿಂಡಿ ಕೊಡಿ. ಯಾವಾಗಲೂ ದೂರದಿಂದ ಕರೆದೇ ಕೊಟ್ಟರೆ ಕೂತಲ್ಲಿ ಕೂರುವುದು ಯಾರಿಗೆ ಬೇಕು?

ಏಳನೇ ಹೆಜ್ಜೆ: ಅಲುಗಾಟ ಮತ್ತು ಸದ್ದು

ಏತದಂತೆ ಮೇಲೆ ಕೆಳಗೆ ಆಡುವ ಸೀಸಾಗೆ ನಾಯಿಗಳು ಹೆದರುವುದು ಎರಡು ಕಾರಣಕ್ಕೆ. ಕಾಲ ಕೆಳಗೆ ಹಲಗೆ ಜಾರುತ್ತದೆ, ನೆಲಕ್ಕೆ ಬಡಿದು ಧಡ್ ಅನ್ನುತ್ತದೆ. ಎರಡನ್ನೂ ಬೇರೆ ಬೇರೆ ಅಭ್ಯಾಸ ಮಾಡಿಸಿ. ಪ್ಲೈವುಡ್ ತುಂಡಿನ ಕೆಳಗೆ ಮಡಿಸಿದ ಟವೆಲ್ ಇಟ್ಟರೆ ಸ್ವಲ್ಪವೇ ಅಲುಗುತ್ತದೆ. ನಾಯಿ ತಾನಾಗಿ ಕಾಲಿಟ್ಟು ಅಲುಗಿಸಿದರೆ ತಿಂಡಿ. ಸದ್ದಿಗೆ ಸ್ಟೀಲ್ ತಟ್ಟೆ ಬೋರಲು ಹಾಕಿ, ಕೆಳಗೆ ಬಟ್ಟೆ ಇಡಿ. ಕಾಲು ತಾಗಿ ಸದ್ದಾದರೆ ತಿಂಡಿ. ಬಟ್ಟೆ ದಿನದಿಂದ ದಿನಕ್ಕೆ ತೆಳ್ಳಗಾಗಲಿ. ಸದ್ದು ಮಾಡುವುದು ನಾಯಿಯೇ ಆಗಿರಬೇಕು, ನೀವು ತಟ್ಟೆ ಬಡಿದು ಹೆದರಿಸುವುದಲ್ಲ. ಮೇಲೆ ಎತ್ತಿ ನಿಲ್ಲಿಸುವುದು, ಪಟ್ಟಿ ಹಿಡಿದು ಎಳೆಯುವುದು ಯಾವತ್ತೂ ಬೇಡ. ದೀಪಾವಳಿಯ ಪಟಾಕಿಗೆ ಮಂಚದ ಕೆಳಗೆ ಸೇರುವ ನಾಯಿಗೆ ಹಬ್ಬ ಮುಗಿದು ಕೆಲವು ದಿನ ಈ ಪಾಠಕ್ಕೆ ರಜೆ ಕೊಡಿ.

ಮುಂದೆ ಹೋಗುವುದು ಯಾವಾಗ

ಐದು ಸಲದಲ್ಲಿ ನಾಲ್ಕು ಸರಿ ಬಂದರೆ ಸ್ವಲ್ಪ ಕಷ್ಟ ಮಾಡಿ. ಎರಡೇ ಬಂದರೆ ಒಂದು ಹೆಜ್ಜೆ ಹಿಂದೆ ಹೋಗಿ. ನಾಯಿ ಇದ್ದಕ್ಕಿದ್ದಂತೆ ನೆಲ ಮೂಸುವುದು, ಮೈ ಕೆರೆದುಕೊಳ್ಳುವುದು, ಆಕಳಿಸುವುದು ಶುರು ಮಾಡಿದರೆ ಅದು ಸೊಕ್ಕು ಅಲ್ಲ. ಅರ್ಥವಾಗಿಲ್ಲ, ಇಲ್ಲವೇ ಸಾಕಾಗಿದೆ. ಸುಲಭದ್ದೊಂದು ಮಾಡಿಸಿ ಮುಗಿಸಿಬಿಡಿ.

ಹಾಲಿನಲ್ಲಿ ಕಲಿತದ್ದು ಟೆರೇಸಿನಲ್ಲಿ ಮರೆತುಹೋಗುತ್ತದೆ. ಅದು ಸಹಜ. ಹಾಲು, ಟೆರೇಸ್, ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಜಾಗ, ಜನವಿಲ್ಲದ ಹೊತ್ತಿನ ಮೈದಾನ – ಹೀಗೆ ಹೋಗಿ. ಪ್ರತಿ ಹೊಸ ಜಾಗದಲ್ಲೂ ಅಂಗೈ ಮುಟ್ಟುವುದರಿಂದಲೇ ಶುರು. ಬೀದಿ ನಾಯಿಗಳು ಬರುವ ಕಡೆ ಹತ್ತು ಮೀಟರ್ ಹಗ್ಗವನ್ನು ಎದೆಗೆ ತೊಡಿಸುವ ಹಾರ್ನೆಸ್‌ಗೆ ಕಟ್ಟಿ. ಕೊರಳ ಪಟ್ಟಿಗೆ ಕಟ್ಟಿದರೆ ಓಡಿ ನಿಂತಾಗ ಕತ್ತಿಗೆ ಪೆಟ್ಟಾಗುತ್ತದೆ.

ಇಷ್ಟು ಬಂದ ಮೇಲೆ ನಿಜವಾದ ಸಾಮಾನು. ಮೊದಲು ಚಿಕ್ಕ, ನೆಟ್ಟಗಿನ ಟನಲ್. ಮಕ್ಕಳ ಆಟದ ಬಟ್ಟೆಯ ಟನಲ್ ಹಗುರ, ನಾಯಿ ನುಗ್ಗಿದರೆ ಉರುಳುತ್ತದೆ, ಎರಡೂ ಪಕ್ಕ ಮರಳು ಚೀಲ ಇಡಿ. ಆಮೇಲೆ ಎರಡು ಕಂಬ, ಬಾರ್ ನೆಲದ ಮೇಲೆ. ಒಂದರ ಹಿಂದೆ ಒಂದು ಸಾಲಾಗಿ ನೆಟ್ಟ 12 ಕಂಬಗಳ ನಡುವೆ ಹಾವಿನ ಹಾಗೆ ನುಸುಳುವುದು ಕೊನೆಯ ಪಾಠ. ಕಂಬಗಳ ನಡುವಿನ ಅಂತರ 60 ಸೆಂಟಿಮೀಟರ್ ಅಷ್ಟೇ, ಬೆನ್ನುಮೂಳೆ ಬಾಗಿ ಬಾಗಿ ಹೋಗಬೇಕು. ಮೈ ಬೆಳೆದು ಗಟ್ಟಿಯಾಗುವವರೆಗೆ ಅದರ ಹತ್ತಿರ ಹೋಗಬೇಡಿ.

ಈ ಹಂತಕ್ಕೆ ತರಬೇತುದಾರರು ಬೇಕಾಗುತ್ತಾರೆ. ಸೇರುವ ಮುಂಚೆ ನಾಯಿಯನ್ನು ಮನೆಯಲ್ಲೇ ಬಿಟ್ಟು ಒಂದು ತರಗತಿ ನೋಡಿ ಬನ್ನಿ. ಮುಳ್ಳಿನ ಪಟ್ಟಿ ಕಂಡರೆ ವಾಪಸ್ ಬನ್ನಿ. ನೆಲ ಹುಲ್ಲೋ ಮರಳೋ ಸಿಮೆಂಟೋ ನೋಡಿ. ಸಿಮೆಂಟಿನ ಮೇಲೆ ಹಾರಿಸುವವರ ಹತ್ತಿರ ಬೇಡ. ಸೀಸಾವನ್ನು ತಗ್ಗಿಸಲು ಬರುತ್ತದಾ ಅಂತ ಕೇಳಿ. ಜಿಗಿತದ ಬಾರನ್ನು ಬೆರಳಿನಿಂದ ತಳ್ಳಿ ನೋಡಿ, ತಾಗಿದ ಕೂಡಲೇ ಕೆಳಗೆ ಬೀಳಬೇಕು. ಕಂಬಕ್ಕೆ ಬಿಗಿಯಾಗಿ ಕಟ್ಟಿದ್ದರೆ ನಿಮ್ಮ ನಾಯಿಯನ್ನು ಅದರ ಮೇಲೆ ಹಾರಿಸಬೇಡಿ.